ಅರ್ಧ ಮಾತು

ಭಾನುವಾರ ಬೆಳಿಗ್ಗೆ ಶ್ರೀಪಾದ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದಾಗ ಕೆಳಗೆ ಓಣಿಯಲ್ಲಿ ಸೈಕಲ್ಲು ನಿಂತ ಸದ್ದಾಯಿತು. ಬೆಲ್ಲು ಬಾರಿಸಲಿಲ್ಲ, ಬಾರಿಸದೆ ನಿಂತದ್ದರಿಂದಲೇ ಅದು ಜಶುಭಾಯಿ ಎಂದು ತಿಳಿಯಿತು. ಬರೋಡೆಯ ದಾಂಡಿಯಾ ಬಜಾರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನಾದರೂ ಅವನ ಸ್ವಂತ ಸೈಕಲ್ಲಿಗೆ ಬೆಲ್ಲು ಇರಲಿಲ್ಲ. ಮನೆಯಲ್ಲಿಲ್ಲ ಎಂದು ಹೆಂಡತಿ ಪದ್ಮಾ ಹೇಳಿಯಾಳು ಎಂದು ಶ್ರೀಪಾದ ಒಂದು ಗಳಿಗೆ ಬಚ್ಚಲಲ್ಲೇ ನಿಂತ. ಅಷ್ಟರಲ್ಲಿ ಅವಳು ಬಾಲ್ಕನಿಯಿಂದ ಬಗ್ಗಿ, ತನಗೆ ಬರುವ ನಾಲ್ಕು ಗುಜರಾತಿ ಮಾತುಗಳಲ್ಲಿ, ಇದ್ದಾರೆ, ಈಗ ಬರುತ್ತಾರೆ ಎಂದು ಹೇಳಿಯಾಗಿತ್ತು. ಒದ್ದೆ ಮುಖದಲ್ಲೇ ಹೊರಗೆ ಬಂದ. ಜಶುಭಾಯಿ ಒಂದು ಕಾಲು ನೆಲಕ್ಕೂರಿ ಕತ್ತೆತ್ತಿ ನೋಡುತ್ತಿದ್ದ. ಮೇ ತಿಂಗಳ ಬಿಸಿಲು ಎಂಟು ಗಂಟೆಗೇ ಅವನ ಬೋಳು ತಲೆಯ ಮೇಲೆ ಕೂತಿತ್ತು. "ಸರಿಯಾಗಿ ಐದು ಗಂಟೆಗೆ, ಗ್ರೌಂಡಿನಲ್ಲಿ. ಶ್ರೀಪಾದಭಾಯಿ, ಇವತ್ತು ನೀವಿಲ್ಲದೆ ಏನೂ ನಡೆಯೋದಿಲ್ಲ," ಎಂದ. ಪ್ರೀತಿಯಿಂದಲೇ ಹೇಳಿದ. ಹೇಳಿ, ಜೇಬಿನಿಂದ ಒಂದು ಕಪ್ಪು ಬಟ್ಟೆಯ ತುಂಡು ಅರ್ಧ ಎಳೆದು ತೋರಿಸಿ, ಮತ್ತೆ ಒಳಗೆ ತುರುಕಿಕೊಂಡು ಹೊರಟುಹೋದ.

"ಏನಂತ?" ಎಂದಳು ಪದ್ಮಾ.

"ಫುಟ್‌ಬಾಲ್ ಟೀಮಿನ ಮ್ಯಾನೇಜರಿಗೆ ಇವತ್ತು ಬೀಳ್ಕೊಡೋ ಸಭಾ."

"ಅದಕ್ಕ ನಿಮ್ಮ ಮುಖಾ ಯಾಕ ಹಿಂಗಾಗೇದ? ಏಳು ವರ್ಷ ಒಂದs ಊರಾಗ ಇದ್ವಿ. ಕನ್ನಡದವ್ರು, ಒಮ್ಮೆ ಅವರ ಮನಿಗೆ ಹೋಗಿ ಬರೂಣು ಅಂತ ಎಷ್ಟ ಸಲ ಅಂದೆ. ನೀವs ಬ್ಯಾಡ ಅಂದ್ರಿ."

ಅವನು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ. ಬೇಡ ಎಂದದ್ದಕ್ಕೆ ಕಾರಣ ಅವಳಿಗೆ ಹೇಳುವ ಹಾಗಿರಲಿಲ್ಲ. ಹೋಗಿ ಪರಿಚಯವಾಗಿಬಿಟ್ಟರೆ, ಪರಿಚಯವಿದೆ ಎಂದು ತಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಸುಳ್ಳೆಂದು ಗೊತ್ತಾಗುತ್ತಿತ್ತು.

ಧಾರವಾಡದಿಂದ ವಿಮಾ ಕಚೇರಿಯ ಗುಮಾಸ್ತನಾಗಿ ಬರೋಡೆಗೆ ವರ್ಗವಾಗಿ ಬಂದ ಮೊದಲ ವರ್ಷ ಅವನಿಗೆ ಹೆಸರೇ ಇರಲಿಲ್ಲ. ಕಚೇರಿಯಲ್ಲಿ ಮದ್ರಾಸಿ, ಹಾಲಿನವನಿಗೆ ಮದ್ರಾಸಿ. ಧಾರವಾಡ ಮದ್ರಾಸಿನಲ್ಲಿಲ್ಲ ಎಂದು ಹೇಳಿ ಹೇಳಿ ಬೇಸತ್ತು ಬಿಟ್ಟಿದ್ದ. ಭಾನುವಾರ ಹೊತ್ತು ಹೋಗದೆ ವಿಶ್ವಾಮಿತ್ರಿ ಕ್ಲಬ್ಬಿನ ಫುಟ್‌ಬಾಲ್ ನೋಡಲು ಹೋಗುತ್ತಿದ್ದ. ಬಿಸಿಲು ನೇರ ಮುಖಕ್ಕೆ ಬೀಳುವ ಹಿಂದಿನ ಸಾಲಿನಲ್ಲಿ ಒಬ್ಬನೇ ನಿಲ್ಲುತ್ತಿದ್ದ. ಆ ವರ್ಷವೇ ಬೆಂಗಳೂರಿನ ಹಲಸೂರಿನವನೊಬ್ಬ, ನಂಜುಂಡ ಎಂಬ ಹಳೆಯ ಆಟಗಾರ, ತಂಡದ ಮ್ಯಾನೇಜರಾಗಿ ಬಂದ. ಒಣಗಿದ ಮೈಯ, ಮಾತು ಕಡಿಮೆಯ ಮನುಷ್ಯ. ಹುಡುಗರಿಗೆ ಹಿಂದಿಯಲ್ಲಿ ಹೇಳುತ್ತಿದ್ದ. ಆಟ ಬಿಗಿಯಾದಾಗ ಮಾತ್ರ ಹಗ್ಗದ ಪಕ್ಕದ ಬೆಂಚಿನಲ್ಲಿ ಕೂತು ತನ್ನಷ್ಟಕ್ಕೆ, ಹಿಂದಿನ ಸಾಲಿಗೂ ಕೇಳುವಷ್ಟು, ಕನ್ನಡದಲ್ಲಿ ಗೊಣಗುತ್ತಿದ್ದ. ಒಂದು ದಿನ ಅವನು ಏನೋ ಅಂದಾಗ ಹಿಂದೆ ನಿಂತ ಶ್ರೀಪಾದನಿಗೆ ನಗು ಬಂತು. ಮುಂದಿನ ಸಾಲಿನಲ್ಲಿದ್ದ ಜಶುಭಾಯಿ ತಿರುಗಿ ನೋಡಿ, ನಿಮಗೆ ಅರ್ಥವಾಗುತ್ತದೆಯೇ, ಏನಂದ ಎಂದು ಕೇಳಿದ. ಗೋಲ್‌ಕೀಪರು ಮದುವೆ ಮನೆಗೆ ಬಂದ ಬೀಗರ ಹಾಗೆ ನಿಂತಿದ್ದಾನೆ ಎಂದ ಎಂದು ಶ್ರೀಪಾದ ಹೇಳಿದ. ಸಾಲಿಗೆ ಸಾಲೇ ನಕ್ಕಿತು. ಯಾರೋ ಸರಿದು ಜಾಗ ಕೊಟ್ಟರು. ಯಾರೋ ಹುರಿದ ಶೇಂಗಾ ಕೈಗೆ ಸುರಿದರು. ಅವತ್ತಿನಿಂದ ಅವನು ಶ್ರೀಪಾದಭಾಯಿ.

ಮ್ಯಾನೇಜರು ಏನೂ ಅನ್ನದ ದಿನಗಳೂ ಇದ್ದವು. ಅಂಥ ದಿನ ಮುಖಗಳು ಇವನ ಕಡೆ ತಿರುಗಿ ಕಾಯುತ್ತಿದ್ದವು. ಕಾಯುವ ಮುಖಗಳಿಗೆ ಬರಿಗೈ ತೋರಿಸುವುದು ಶ್ರೀಪಾದನಿಂದ ಆಗಲಿಲ್ಲ. ಮೊದಲು ಚೂರು ಸೇರಿಸಿದ. ಆಮೇಲೆ ಪೂರ್ತಿ ತಾನೇ ಕಟ್ಟಿದ. ನಿನ್ನೆ ಅವರ ಮನೆಗೆ ಹೋಗಿದ್ದೆ, ಹೀಗಂದರು ಎಂದೂ ಹೇಳಿದ. ಒಮ್ಮೆ ಸಯಾಜಿಬಾಗ್ ಪಾರ್ಕಿನ ಗೇಟಿನ ಹತ್ತಿರ ಕಬ್ಬಿನ ಹಾಲಿನ ಗಾಡಿಯ ಮುಂದೆ ನಂಜುಂಡ ಹೆಂಡತಿಯ ಜೊತೆ ನಿಂತಿದ್ದ. ಈ ಊರಿನಲ್ಲಿ ಹೇರಳೆಕಾಯಿ ಸಿಗುವುದಿಲ್ಲವಲ್ಲ ಎಂದು ಅವಳು ಅನ್ನುತ್ತಿದ್ದಳು. ಎರಡು ಮಾರು ದೂರದಲ್ಲಿ ಕನ್ನಡ. ಶ್ರೀಪಾದನ ಗಂಟಲವರೆಗೆ ಮಾತು ಬಂತು. ಆದರೆ ತಾನು ಕುಡಿಯುತ್ತಿದ್ದ ಲೋಟವನ್ನು ಅರ್ಧಕ್ಕೇ ಇಟ್ಟು, ಮುಖ ಮರೆಸಿಕೊಂಡು, ರಸ್ತೆ ದಾಟಿಬಿಟ್ಟಿದ್ದ. ದಾಟಿದ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ್ದ, ಕಳ್ಳನ ಹಾಗೆ.

ಸ್ನಾನ ಮಾಡಿ ಊಟಕ್ಕೆ ಕೂತ. ಹೊರಗೆ ಬಿಸಿಗಾಳಿ ಎದ್ದು ಕಿಟಕಿಯ ಬಾಗಿಲನ್ನು ಆಗಾಗ ಹೊಡೆಯುತ್ತಿತ್ತು. ಮೂರು ತಿಂಗಳಿಂದ ಜಶುಭಾಯಿಯ ಅಂಗಡಿಯ ಹಲಗೆಯ ಮೇಲೆ ನಡೆಯುತ್ತಿದ್ದದ್ದು ಒಂದೇ ವಿಚಾರಣೆ. ನಂಜುಂಡ ಈ ತಂಡಕ್ಕೆ ಏನು ಮಾಡಿದ? ಅವನು ಬಂದಾಗ ಅರ್ಧ ಜನ ಬರಿಗಾಲಲ್ಲಿ ಆಡುತ್ತಿದ್ದರು, ಬೂಟು ಹಾಕಿಸಿದ ಎಂದು ಮಿಲ್ಲಿನ ಮುದುಕನೊಬ್ಬ ಹೇಳುತ್ತಿದ್ದ. ಬೂಟು ಕೊಟ್ಟದ್ದು ಕ್ಲಬ್ಬು, ಅವನಲ್ಲ ಎಂದು ಇನ್ನೊಬ್ಬ. ಅರವತ್ತನಾಲ್ಕರಲ್ಲಿ ಟ್ರೋಫಿ ತಂದದ್ದು ಯಾರು? ತಂದದ್ದು ಸರಿ, ಆದರೆ ನಮ್ಮ ಊರಿನ ಸೆಂಟರ್ ಫಾರ್ವರ್ಡನ್ನು ಮೂಲೆಗೆ ಕೂರಿಸಿದ್ದು ಯಾರು? ಅವನ ಆಟ ಹೆದರುಪುಕ್ಕರ ಆಟ, ಗೋಲು ಹೊಡೆಯುವುದಕ್ಕಿಂತ ತಡೆಯುವುದೇ ಹೆಚ್ಚು. ತಡೆದದ್ದರಿಂದಲೇ ಎರಡು ಸಲ ಫೈನಲ್ ಮುಟ್ಟಿದೆವು. ಮಾತು ಹೀಗೆ ಆ ಕಡೆ ಈ ಕಡೆ ತೂಗುತ್ತಿದ್ದಾಗ ಕೊನೆಗೆ ಯಾರಾದರೊಬ್ಬರು ಸೂರತ್ ಅನ್ನುತ್ತಿದ್ದರು. ಅಲ್ಲಿಗೆ ತಕ್ಕಡಿ ಕೆಳಗಿಳಿದುಬಿಡುತ್ತಿತ್ತು. ಎಲ್ಲರೂ ಶ್ರೀಪಾದನ ಕಡೆ ನೋಡುತ್ತಿದ್ದರು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ಸೂರತ್‌ನಲ್ಲಿ ಫೆಬ್ರವರಿಯಲ್ಲಿ ಫೈನಲ್. ಎದುರಿಗೆ ಅಹಮದಾಬಾದಿನ ಮಿಲ್ಲೊಂದರ ತಂಡ. ಬರೋಡೆಯಿಂದ ರೈಲು ತುಂಬ ಜನ ಹೋಗಿದ್ದರು. ಒಂದಕ್ಕೆ ಒಂದು ಸಮವಾಗಿದ್ದಾಗ, ಇನ್ನು ಇಪ್ಪತ್ತು ನಿಮಿಷ ಇದ್ದಾಗ, ಎಡಗಡೆ ಆಡುತ್ತಿದ್ದ ಸೋಮಾ ಮಾಛಿ ಬಿದ್ದ. ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ, ಇಬ್ಬರು ಮಕ್ಕಳ ತಂದೆ. ಎದ್ದು ಕುಂಟಿದ, ಮತ್ತೆ ಬಿದ್ದ, ಆಡುತ್ತೇನೆ ಎಂದು ಕೈ ಬೀಸಿದ. ಬದಲಿಗೆ ಇನ್ನೊಬ್ಬನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಅವನು ಹೊರಗೆ ಬಂದರೆ ಹತ್ತೇ ಜನ. ನಂಜುಂಡ ಒಳಗೆ ಓಡಿ ಅವನ ಹಿಮ್ಮಡಿ ಮುಟ್ಟಿ ನೋಡಿದ, ಹೆಗಲು ಕೊಟ್ಟು ಎಬ್ಬಿಸಿಕೊಂಡು ಹೊರಗೆ ತಂದ. ಸೋಮಾ ಬೈಯುತ್ತಲೇ ಇದ್ದ. ಅವನನ್ನು ಹುಲ್ಲಿನ ಮೇಲೆ ಮಲಗಿಸಿ ನಂಜುಂಡ ಬೆಂಚಿನಲ್ಲಿ ಕೂತು, ಮೊಣಕಾಲ ಮೇಲೆ ಕೈಯಿಟ್ಟು, ಯಾರಿಗೂ ಅಲ್ಲದೆ ಅಂದ: "ಹೋಗ್ಲಿ ಬಿಡು. ಕಾಲು ಉಳೀಲಿ."

ಶ್ರೀಪಾದ ಅವನ ಬೆನ್ನ ಹಿಂದೆ, ಹಗ್ಗದ ಈಚೆ, ನಾಲ್ಕು ಅಡಿ ದೂರದಲ್ಲಿದ್ದ. ಎರಡು ಮಾತೂ ಸ್ಪಷ್ಟವಾಗಿ ಕೇಳಿಸಿದವು. ಏನಂದ, ಏನಂದ ಎಂದು ಜಶುಭಾಯಿ ಅವನ ರಟ್ಟೆ ಹಿಡಿದು ಅಲುಗಾಡಿಸಿದ. ಅವನ ಕಣ್ಣು ಕೆಂಪಾಗಿದ್ದವು. ಆ ಕಣ್ಣಿಗೆ ಏನು ಬೇಕಾಗಿದೆ ಎಂದು ಶ್ರೀಪಾದನಿಗೆ ಕಂಡಿತು. ಕಂಡ ತಕ್ಷಣ ಬಾಯಿ ತಾನಾಗಿ ಹೇಳಿತು: "ಹೋಗಲಿ ಬಿಡು ಅಂದ." ಅಷ್ಟೇ. ಸುಳ್ಳು ಸೇರಿಸಲಿಲ್ಲ. ಇನ್ನರ್ಧ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಅರ್ಧ ಸಾಲಿನುದ್ದಕ್ಕೂ ಓಡಿಹೋಗಿತ್ತು. ಮ್ಯಾಚ್ ಹೋಗಲಿ ಬಿಡು ಅಂದನಂತೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಬಿದ್ದವು. ಮರಳುವ ರೈಲಿನಲ್ಲಿ, ಭರೂಚ್ ದಾಟುವ ಹೊತ್ತಿಗೆ, ನಂಜುಂಡ ಅಹಮದಾಬಾದಿನವರಿಗೆ ಮ್ಯಾಚು ಮಾರಿದ್ದಾನೆ ಎಂದಾಗಿತ್ತು. ತಿಂಗಳು ಕಳೆದು ಅವನು ಕೆಲಸ ಬಿಡುತ್ತಾನೆಂಬ ಸುದ್ದಿ ಬಂದಾಗ ಇನ್ನು ಸಾಕ್ಷಿಯೂ ಬೇಕಾಗಲಿಲ್ಲ. ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ ಸೋಮಾ ಮಾಛಿ ಕೂಡ ಅಂಗಡಿಗೆ ಬಂದು, ನಾನು ಆಡುತ್ತಿದ್ದೆ, ಬೇಕೆಂದೇ ಎಳೆದು ಹಾಕಿದ ಎಂದ. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತು ಅಂದ. ಶ್ರೀಪಾದ ಆ ಕಾಲುಗಳನ್ನೇ ನೋಡುತ್ತಿದ್ದ. ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಅನ್ನಿಸಿತು. ನಾಳೆ ಮುಖಗಳು ಇನ್ನಷ್ಟು ಗಟ್ಟಿಯಾಗಿದ್ದವು.

ನಾಲ್ಕೂವರೆಗೆ ಮನೆ ಬಿಟ್ಟ. ಗ್ರೌಂಡಿನಲ್ಲಿ ಶಾಮಿಯಾನ ಹಾಕಿದ್ದರು. ಗಾಳಿಗೆ ಅದರ ಹೊಟ್ಟೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಮುಂದಿನ ಕುರ್ಚಿಗಳು ಖಾಲಿ. ಹಿಂದೆ ಮುನ್ನೂರು ಜನ ನಿಂತೇ ಇದ್ದರು. ಫುಟ್‌ಬಾಲ್ ಗ್ರೌಂಡಿನಲ್ಲಿ ಅಷ್ಟು ಜನ ಅಷ್ಟು ಸುಮ್ಮನಿದ್ದದ್ದನ್ನು ಅವನು ಎಂದೂ ನೋಡಿರಲಿಲ್ಲ. ಒಬ್ಬ ಪೊಲೀಸಿನವನು ಬೇವಿನ ಮರದ ಕೆಳಗೆ ನಿಂತು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ವೇದಿಕೆಯ ಮೇಲೆ ಕ್ಲಬ್ಬಿನ ಅಧ್ಯಕ್ಷರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟಿನ ನಂಜುಂಡ, ಕೊನೆಯ ಕುರ್ಚಿಯಲ್ಲಿ ಅವನ ಹೆಂಡತಿ ಸುಮಿತ್ರಾ. ಮುಡಿಯಲ್ಲಿ ಮಲ್ಲಿಗೆ. ಇವತ್ತು ತನ್ನ ಗಂಡನಿಗೆ ಸನ್ಮಾನ ಎಂದು ಸಿಂಗರಿಸಿಕೊಂಡು ಬಂದಿದ್ದಳು. ಅಧ್ಯಕ್ಷರು ನಾಲ್ಕು ಮಾತಾಡಿ, ಅವಸರದಲ್ಲಿ ಶಾಲು ಹೊದಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಮಾತ್ರ ಎರಡು ಸಲ ತಟ್ಟಿ, ಸುತ್ತ ನೋಡಿ, ಕೈ ಮಡಿಲಲ್ಲಿಟ್ಟುಕೊಂಡಳು.

ಜಶುಭಾಯಿ ಮುಂದೆ ಬಂದು ಕೈಯೆತ್ತಿದ. "ಒಂದೇ ಪ್ರಶ್ನೆ ಇದೆ ಅಧ್ಯಕ್ಷರೇ. ಸೂರತ್‌ನಲ್ಲಿ ಇವರು ಏನಂದರು ಅಂತ ಇವರ ಎದುರಿಗೇ ತಿಳೀಬೇಕು. ಕೇಳಿಸಿಕೊಂಡವರು ಇಲ್ಲೇ ಇದ್ದಾರೆ. ಶ್ರೀಪಾದಭಾಯಿ, ಬನ್ನಿ."

ಜನ ಬಿರುಕು ಬಿಟ್ಟು ದಾರಿಯಾಯಿತು. ಆ ದಾರಿಯ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ನಂಜುಂಡ. ಏಳು ವರ್ಷದಲ್ಲಿ ಮೊದಲ ಬಾರಿ ನಂಜುಂಡ ಅವನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಇವನು ಯಾರು ಎಂದು ನೆನಪು ಮಾಡಿಕೊಳ್ಳುವ ಹಾಗಿತ್ತು. ಹೇಳಬೇಕಾದ ವಾಕ್ಯ ಶ್ರೀಪಾದನ ತಲೆಯಲ್ಲಿ ಗುಜರಾತಿಯಲ್ಲಿ ಸಿದ್ಧವಾಗಿತ್ತು. ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡಿದ್ದ. ಬಾಯಿ ತೆರೆದ. ಮುನ್ನೂರು ಮುಖಗಳು ಕಾಯುತ್ತಿದ್ದವು, ಶೇಂಗಾ ಕೊಟ್ಟವರು, ಜಾಗ ಬಿಟ್ಟವರು. "ನಾನು... ದೂರ ಇದ್ದೆ," ಎಂದ. "ನನಗೆ ಸರಿಯಾಗಿ ಕೇಳಿಸಲಿಲ್ಲ."

ಹಿಂದಿನಿಂದ ಯಾರೋ ನಕ್ಕರು. "ಅವನ ಊರಿನವನಲ್ಲವೇ, ಬಿಟ್ಟುಕೊಡುತ್ತಾನೆಯೇ?" ಜಶುಭಾಯಿ ನಗಲಿಲ್ಲ. ಅವನು ಶ್ರೀಪಾದನ ಕಡೆ ನೋಡಿದ ರೀತಿ, ತನ್ನ ಅಂಗಡಿಯಿಂದ ಏನೋ ಕದ್ದವನನ್ನು ನೋಡುವ ಹಾಗಿತ್ತು. ಕಪ್ಪು ಬಟ್ಟೆಗಳು ಜೇಬುಗಳಿಂದ ಹೊರಬಂದವು. ಗದ್ದಾರ್ ಎಂದು ಒಬ್ಬ ಕೂಗಿದ, ಮುನ್ನೂರು ಜನ ಕೂಗಿದರು. ದ್ರೋಹಿ, ಮಾರಿಕೊಂಡವನು, ಹೋಗು. ಒಂದು ಚಪ್ಪಲಿ ಗಾಳಿಯಲ್ಲಿ ತಿರುಗುತ್ತ ಬಂದು ವೇದಿಕೆಯ ಮೇಲೆ, ಸುಮಿತ್ರಾಳ ಪಾದದ ಹತ್ತಿರ ಬಿತ್ತು. ಅಧ್ಯಕ್ಷರು ಇಳಿದು ಕಾರಿನ ಕಡೆ ನಡೆದುಬಿಟ್ಟರು. ನಂಜುಂಡ ಎದ್ದು ಬಗ್ಗಿ ಆ ಚಪ್ಪಲಿಯನ್ನು ಎತ್ತಿಕೊಂಡು, ವೇದಿಕೆಯ ಅಂಚಿಗೆ ಬಂದು, ಒಡೆಯ ಬಂದು ಮೆಟ್ಟಿಕೊಳ್ಳಲಿ ಎನ್ನುವ ಹಾಗೆ ಅದರ ಮುಖ ಹೊರಗಡೆ ಮಾಡಿ ಇಟ್ಟ. ಕೂಗು ಇನ್ನಷ್ಟು ಜೋರಾಯಿತು. ಪೊಲೀಸಿನವನು ಬಂದು ಗಂಡಹೆಂಡತಿಯನ್ನು ಹಿಂದಿನಿಂದ ಕರೆದುಕೊಂಡು ಹೋಗಿ ಟಾಂಗಾ ಹತ್ತಿಸಿದ.

ಶ್ರೀಪಾದ ಸ್ಟೇಷನ್ನಿಗೆ ಹೇಗೆ ಹೋದನೆಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಅವರು ಊರು ಬಿಡಲಿದ್ದ ಮುಂಬಯಿಯ ಗಾಡಿ ಆರೂಮುಕ್ಕಾಲಿಗೆ. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿಯಿಂದ ಡಬ್ಬಿಗೆ ಕಿಟಕಿಗಳನ್ನು ನೋಡುತ್ತ ನಡೆದ. ಸುಮಿತ್ರಾಳೇ ಅವನನ್ನು ಮೊದಲು ಕಂಡಳು.

"ನೀವೇ ಅಲ್ವಾ ಅಲ್ಲಿ ಮಾತಾಡೋಕೆ ನಿಂತವರು? ಕನ್ನಡದವರಂತೆ! ಇವರು ಈಗ ಅಂದ್ರು, ಅವರ ಮಾತಿನ ಧಾಟಿ ಕೇಳಿದ್ರೆ ಧಾರವಾಡದ ಕಡೆಯವರಿರಬೇಕು ಅಂತ." ಕಿಟಕಿಯ ಸರಳು ಹಿಡಿದು ಮುಂದೆ ಬಗ್ಗಿದಳು. "ಏಳು ವರ್ಷ ಇದ್ವಿ. ಒಂದು ದಿನ ಮನೆಗೆ ಬರಬಾರದಿತ್ತಾ? ಕನ್ನಡದಲ್ಲಿ ಮಾತಾಡೋಕೆ ಒಬ್ಬರಿಲ್ಲದೆ ನಾನು ಗೋಡೆ ಜೊತೆ ಮಾತಾಡ್ತಿದ್ದೆ."

"ತಪ್ಪಾತ್ರಿ," ಎಂದ ಶ್ರೀಪಾದ.

"ಇರ್ಲಿ ಬಿಡಿ. ಒಂದು ಹೇಳಿ. ಅವರೆಲ್ಲ ಏನು ಕೂಗ್ತಿದ್ರು? ನನಗೆ ತರಕಾರಿ ತಗೊಳ್ಳೋ ಅಷ್ಟೇ ಗುಜರಾತಿ ಬರೋದು. ಇವರನ್ನ ಕೇಳಿದ್ರೆ ಏನಿಲ್ಲ ಏನಿಲ್ಲ ಅಂತಾರೆ. ಚಪ್ಪಲಿ ಯಾಕೆ ಎಸೆದ್ರು?"

ಅವಳ ಹಿಂದೆ, ಡಬ್ಬಿಯ ನೆರಳಿನಲ್ಲಿ, ನಂಜುಂಡ ಶಾಲನ್ನು ಮಡಚುತ್ತಿದ್ದವನು ಕೈ ನಿಲ್ಲಿಸಿದ. ಅವಳ ಮುಖವೂ ಕಾಯುತ್ತಿತ್ತು. ಶ್ರೀಪಾದನ ಬಾಯಿ, ಏಳು ವರ್ಷದ ಅಭ್ಯಾಸದಲ್ಲಿ, ತಾನಾಗಿ ತೆರೆಯಿತು.

"ಹೋಗಬ್ಯಾಡ್ರಿ ಅಂತ ಕೂಗಿದ್ರು. ನೀವು ಬಿಟ್ಟು ಹೊಂಟೀರಲ್ಲ ಅಂತ ಅವರಿಗೆ ಸಿಟ್ಟು. ಸಿಟ್ಟಿನ್ಯಾಗ ಯಾರೋ ತಿಳೀದವ ಒಗದಾನ. ಭಾಳ ಮಂದಿ ಅಳಾಕತ್ತಿದ್ರು."

"ನೋಡಿ! ನಾನು ಅಂದ್ಕೊಂಡೆ," ಎಂದು ಅವಳು ಗಂಡನ ಕಡೆ ತಿರುಗಿದಳು. ಕಣ್ಣು ತುಂಬಿ ಬಂದಿದ್ದವು. ಸೆರಗಿನಿಂದ ಒತ್ತಿಕೊಂಡು ನಕ್ಕಳು.

ನಂಜುಂಡ ತಾಮ್ರದ ತಂಬಿಗೆ ಹಿಡಿದು ಇಳಿದು ಬಂದ. ನೀರಿನ ನಲ್ಲಿ ಹತ್ತು ಹೆಜ್ಜೆ ದೂರ. ಶ್ರೀಪಾದ ಅವನ ಜೊತೆ ನಡೆದ. ನಂಜುಂಡ ತಂಬಿಗೆ ತುಂಬಿಸಿಕೊಂಡ. ನಲ್ಲಿ ತಿರುಗಿಸಿ ನಿಲ್ಲಿಸಿ, ಅವನ ಕಡೆ ನೋಡದೆ ಕೇಳಿದ. "ಸೂರತ್‌ನಲ್ಲೂ ಹೀಗೇ ಹೇಳಿದ್ರಾ?"

"ಇಲ್ರಿ," ಎಂದ ಶ್ರೀಪಾದ. "ಅವತ್ತು ಕಟ್ಟಿ ಹೇಳಲಿಲ್ಲ. ಅರ್ಧಾ ಹೇಳಿದೆ."

"ಅರ್ಧ ಅಂದ್ರೆ?"

"ಹೋಗ್ಲಿ ಬಿಡು ಅಂದ್ರಿ. ಕಾಲು ಉಳೀಲಿ ಅಂದ್ರಿ. ನಾ ಮೊದಲನೇದಷ್ಟs ಹೇಳಿದೆ. ಎರಡನೇದು ಹೇಳಲಿಲ್ಲ. ಇವತ್ತೂ ಹೇಳಲಿಲ್ಲ."

ನಂಜುಂಡ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಹೊಡೆಯುತ್ತಾನೆ ಎಂದು ಶ್ರೀಪಾದನಿಗೆ ಅನ್ನಿಸಿತು. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಆದರೆ ನಂಜುಂಡ ಕೇಳಿದ್ದು, ಬಹಳ ಸಣ್ಣ ದನಿಯಲ್ಲಿ: "ನಾನು ಹಾಗಂದ್ನಾ?"

"ಹೌದ್ರಿ."

"ನನಗೇ ನೆನಪಿಲ್ಲ. ಮೂರು ತಿಂಗಳಾಯ್ತು. ಹೋಗ್ಲಿ ಬಿಡು ಅಂದೆ ಅಂತ ಊರೆಲ್ಲ ಹೇಳ್ತು. ಅಂದಿರಬೇಕು. ಯಾಕಂದೆ ಅಂತ ದಿನಾ ಯೋಚಿಸ್ತಿದ್ದೆ. ಸಾಕಾಗಿತ್ತಾ ನನಗೆ? ಸೋಲಲಿ ಅಂತ ಒಳಗೆಲ್ಲೋ ಇತ್ತಾ? ಹುಡುಗರ ಮುಖ ನೋಡೋಕೆ ಆಗ್ತಿರಲಿಲ್ಲ. ಅದಕ್ಕೇ ಕೆಲಸ ಬಿಟ್ಟೆ." ತಂಬಿಗೆಯ ನೀರು ಅಲುಗಿ ಅವನ ಬಿಳಿ ಶರಟಿನ ಮೇಲೆ ಚೆಲ್ಲಿತು. "ಇನ್ನೊಂದು ಸಲ ಹೇಳಿ. ನಾನು ಅಂದ ಹಾಗೇ."

ಶ್ರೀಪಾದ ಹೇಳಿದ. ಅವನ ಹಲಸೂರಿನ ಕನ್ನಡದಲ್ಲೇ, ಅವನು ಎಲ್ಲಿ ತಡೆದನೋ ಅಲ್ಲಿ ತಡೆದು, ಎರಡೂ ಮಾತು ಹೇಳಿದ. ನಂಜುಂಡ ಕಣ್ಣು ಮುಚ್ಚಿ ಕೇಳಿಸಿಕೊಂಡ. ಗಾರ್ಡು ಸೀಟಿ ಊದಿದ. ಡಬ್ಬಿಯ ಮೆಟ್ಟಿಲಿಗೆ ಕಾಲಿಟ್ಟ ನಂಜುಂಡ ತಿರುಗಿ ನಿಂತ.

"ಅವಳಿಗೆ ಹೇಳಿದ್ರಲ್ಲ, ಅದು ಹಾಗೇ ಇರ್ಲಿ. ಅದನ್ನ ಬದಲಾಯಿಸಬೇಡಿ."

"ಇಲ್ರಿ. ಆದರ ಅಲ್ಲಿ ಹೇಳತೇನ್ರಿ. ಆ ಮಂದಿಗೆ."

"ನಂಬೋದಿಲ್ಲ," ಎಂದ ನಂಜುಂಡ. ಗಾಡಿ ಅಲುಗಿತು.

ಜಶುಭಾಯಿ ಮತ್ತು ಅವನ ಜೊತೆ ಮೂವತ್ತು ನಲವತ್ತು ಜನ ಪ್ಲಾಟ್‌ಫಾರ್ಮಿನ ಮುಂದಿನ ತುದಿಯಲ್ಲಿ, ಹೊರಗೆ ಹೋಗುವ ಗೇಟಿನ ಹತ್ತಿರ, ಕಪ್ಪು ಬಟ್ಟೆ ಹಿಡಿದು ನಿಂತದ್ದು ಶ್ರೀಪಾದನಿಗೆ ಆಗ ಕಂಡಿತು. ಗಾಡಿ ಅವರ ಮುಂದೆಯೇ ಹಾದುಹೋಗಬೇಕಿತ್ತು. ಜಶುಭಾಯಿಯ ಬಾಯಿ ತೆರೆಯುತ್ತಿತ್ತು. ಅಷ್ಟರಲ್ಲಿ ಸುಮಿತ್ರಾ ಕಿಟಕಿಯಿಂದ ಅವರನ್ನು ಗುರುತು ಹಿಡಿದಳು. ಬೀಳ್ಕೊಡಲು ಇಷ್ಟು ದೂರ ಬಂದಿದ್ದಾರೆ! ಅವಳ ಮುಖ ಅರಳಿತು. ಸರಳಿನ ಸಂದಿಯಿಂದ ಬಳೆಯ ಕೈಯನ್ನು ಮೊಣಕೈತನಕ ಹೊರಗೆ ಚಾಚಿ, ಅವಳು ಅವರೆಲ್ಲರಿಗೂ, ಒಬ್ಬೊಬ್ಬರಿಗೂ ಎನ್ನುವ ಹಾಗೆ, ಬೀಸಿದಳು. ಅಳುತ್ತ, ನಗುತ್ತ ಬೀಸಿದಳು. ಅವರು ಕೂಗಲಿಲ್ಲ. ಒಬ್ಬ ಕಪ್ಪು ಬಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡ. ಜಶುಭಾಯಿಯ ಬಲಗೈ ಎದೆಯವರೆಗೆ ಎದ್ದು, ಏನು ಮಾಡುವುದೆಂದು ತಿಳಿಯದೆ, ಅಲ್ಲೇ ನಿಂತಿತು.

ಗಾಡಿ ಹೋಯಿತು. ಪ್ಲಾಟ್‌ಫಾರ್ಮು ಖಾಲಿಯಾದ ಮೇಲೆ ಅವರೆಲ್ಲ ಒಟ್ಟಿಗೆ ತಿರುಗಿ ಅವನನ್ನು ನೋಡಿದರು. ಯಾರೂ ಅವನ ಹೆಸರು ಕರೆಯಲಿಲ್ಲ. ಹೊರಗೆ ಹೋಗಲು ಅದೊಂದೇ ಗೇಟು. ಶ್ರೀಪಾದ ಗುಜರಾತಿಯಲ್ಲಿ ಮೊದಲ ಶಬ್ದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಅವರ ಕಡೆಗೆ ನಡೆದ.